ಬಿದಿರಿನ ಮೇಲಿನ ಅಕ್ಷರ, ಹಡಗಿನಲ್ಲಿ ಬಂದ ಶಾಲೆ

ಫಿಲಿಪ್ಪೀನ್ಸ್‌ನ ಮಿಂಡೊರೊ ದ್ವೀಪದ ದಕ್ಷಿಣದ ಗುಡ್ಡಗಳಲ್ಲಿ ಹನುನೊ ಮಾಂಗ್ಯಾನ್ ಎಂಬ ಜನ ಕುಮರಿ ಬೇಸಾಯ ಮಾಡಿಕೊಂಡು ಬದುಕುತ್ತಾರೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹೆರಾಲ್ಡ್ ಕಾಂಕ್ಲಿನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಅವರ ನಡುವೆ ಹೋಗಿ ಉಳಿದ. ಶಾಲೆಯ ಮುಖ ಕಾಣದ ಆ ಜನರಲ್ಲಿ ಬಹಳ ಮಂದಿಗೆ ಓದು ಬರಹ ಬರುತ್ತಿತ್ತು. ಚೂರಿಯ ಮೊನೆಯಲ್ಲಿ ಬಿದಿರಿನ ಮೇಲೆ ಅಕ್ಷರ ಕೊರೆಯುತ್ತಿದ್ದರು. ಮೇಷ್ಟ್ರಿಲ್ಲ, ಗಂಟೆಯಿಲ್ಲ, ಪರೀಕ್ಷೆಯಂತೂ ಇಲ್ಲವೇ ಇಲ್ಲ. ಕಲಿಯುವುದಕ್ಕೆ ಅವರಿಗಿದ್ದ ಕಾರಣ ಇಷ್ಟೇ: ಪ್ರಾಯಕ್ಕೆ ಬಂದ ಹುಡುಗ ಹುಡುಗಿಯರು ಮೆಚ್ಚಿದವರಿಗೆ ಪದ್ಯ ಕಟ್ಟಿ ತಿಳಿಸಬೇಕಿತ್ತು. ‘ಅಂಬಾಹನ್’ ಎಂಬ ಆ ಪದ್ಯಕ್ಕೆ ಬೇಕಾದ ಲಿಪಿಯನ್ನು ಅಣ್ಣನಿಂದಲೋ ಗೆಳತಿಯಿಂದಲೋ ನೋಡಿ ಕಲಿಯುತ್ತಿದ್ದರು. ಲಿಪಿ ಬ್ರಾಹ್ಮಿಯ ಕುಲದ್ದು. ವ್ಯಂಜನದೊಳಗೆ ‘ಅ’ಕಾರ ಇದ್ದೇ ಇರುತ್ತದೆ, ಬೇರೆ ಸ್ವರಕ್ಕೆ ಗುರುತು ಹಾಕಬೇಕು. ಕಾಗುಣಿತ ತಿದ್ದಿದ ಕನ್ನಡಿಗರಿಗೆ ಅದರ ಗುಟ್ಟು ಬೇಗನೆ ಹಿಡಿತಕ್ಕೆ ಸಿಕ್ಕೀತು.

ಅದೇ ಜನ 1,600ಕ್ಕೂ ಹೆಚ್ಚು ಬಗೆಯ ಗಿಡಮರಗಳನ್ನು ಬೇರೆ ಬೇರೆಯಾಗಿ ಹೆಸರಿಸಿ ಗುರುತಿಸುತ್ತಾರೆ ಎಂದು ಕಾಂಕ್ಲಿನ್ ದಾಖಲಿಸಿದ. ಆದರೆ ಸರ್ಕಾರಿ ಶಾಲೆಯ ಲೆಕ್ಕದಲ್ಲಿ ಈ ಅಕ್ಷರಕ್ಕೂ ಬೆಲೆಯಿಲ್ಲ, ಈ ಸಸ್ಯಜ್ಞಾನಕ್ಕೂ ಅಂಕವಿಲ್ಲ. ಏಕೆಂದರೆ ಆ ದೇಶದ ಸಾರ್ವಜನಿಕ ಶಾಲೆ ಊರೊಳಗಿನಿಂದ ಬೆಳೆದದ್ದಲ್ಲ, ಹೊರಗಿನಿಂದ ಬಂದದ್ದು.

ಅದನ್ನು ತಂದ ಹಡಗಿನ ಹೆಸರು ‘ಥಾಮಸ್’. 1901ರ ಆಗಸ್ಟ್‌ನಲ್ಲಿ ಅದು ಮನಿಲಾ ಬಂದರಿಗೆ ಬಂದಾಗ ಅದರಲ್ಲಿದ್ದದ್ದು ಸುಮಾರು ಐನೂರು ಅಮೆರಿಕನ್ ಶಿಕ್ಷಕರು. ಅವರಿಗೆ ‘ಥಾಮಸೈಟ್’ಗಳು ಎಂಬ ಹೆಸರೇ ನಿಂತುಬಿಟ್ಟಿತು. ಅದಕ್ಕೂ ಮೊದಲು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿದ ಸ್ಪೇನ್‌ನ ಕಾಲದಲ್ಲಿ, 1611ರಲ್ಲೇ, ಸಾಂತೊ ತೊಮಾಸ್ ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. ಆದರೆ ಊರೂರಿಗೆ ಪ್ರಾಥಮಿಕ ಶಾಲೆ ಬೇಕೆಂದು ಸ್ಪೇನ್ ಆಜ್ಞೆ ಹೊರಡಿಸಿದ್ದು 1863ರಲ್ಲಿ. ಅಮೆರಿಕನ್ನರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಯುದ್ಧದಲ್ಲಿ ಗೆದ್ದ ನೆಲವನ್ನು ಪಾಠ ಹೇಳಿ ಪಳಗಿಸುವುದು ಅವರ ಯೋಜನೆ. ಶಿಕ್ಷಣ ಇಲಾಖೆ ಸ್ಥಾಪಿಸಿದ 1901ರ ಕಾಯ್ದೆ ಇಂಗ್ಲಿಷನ್ನೇ ಬೋಧನೆಯ ಭಾಷೆ ಮಾಡಿತು.

ಇಲ್ಲಿ ಮಾನವಶಾಸ್ತ್ರ ನೇರವಾಗಿ ಅಧಿಕಾರದ ಕುರ್ಚಿಯಲ್ಲೇ ಕುಳಿತಿತ್ತು ಎಂಬುದನ್ನು ಗಮನಿಸಬೇಕು. ಡೇವಿಡ್ ಬ್ಯಾರೊಸ್ ಎಂಬಾತ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳನ್ನು ಅಧ್ಯಯನ ಮಾಡಿ ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು. ಮನಿಲಾದಲ್ಲಿ ಅವನಿಗೆ 1901ರಲ್ಲಿ ಸಿಕ್ಕ ಕೆಲಸ ‘ಕ್ರೈಸ್ತೇತರ ಬುಡಕಟ್ಟುಗಳ’ ಕಚೇರಿಯ ಮುಖ್ಯಸ್ಥನದು. ಎರಡೇ ವರ್ಷದಲ್ಲಿ ಇಡೀ ದೇಶದ ಶಾಲೆಗಳ ಹೊಣೆ ಅವನ ಕೈಗೆ ಬಂತು, 1909ರವರೆಗೂ ಅಲ್ಲೇ ಉಳಿಯಿತು. ರೈತನ ಮಗನಿಗೆ ಅಕ್ಷರ ಬಂದರೆ ಜಮೀನ್ದಾರನ ಹಿಡಿತ ಸಡಿಲವಾಗುತ್ತದೆ ಎಂದು ಅವನು ನಂಬಿದ್ದ. ಕೆಟ್ಟ ಆಸೆಯಲ್ಲ. ಆದರೆ ಯಾವ ಅಕ್ಷರ, ಯಾರ ಭಾಷೆ ಎಂದು ಆ ರೈತನನ್ನು ಕೇಳಿದವರಿಲ್ಲ.

ಆಳುವವರ ಕಣ್ಣು ಎಂಥದ್ದೆಂದು ತಿಳಿಯಲು 1904ರ ಸೇಂಟ್ ಲೂಯಿಸ್ ವಿಶ್ವಮೇಳ ನೋಡಿದರೆ ಸಾಕು. ಸಾವಿರಕ್ಕೂ ಹೆಚ್ಚು ಫಿಲಿಪಿನೊಗಳನ್ನು ಅಮೆರಿಕಕ್ಕೆ ಕರೆದೊಯ್ದು ಪ್ರದರ್ಶನಕ್ಕಿಟ್ಟರು. ಒಂದು ಕಡೆ ಇಗೊರೊಟ್ ಜನರ ಗುಡಿಸಲು, ಕುಣಿತ. ಅದೇ ಆವರಣದಲ್ಲಿ ಒಂದು ಮಾದರಿ ಶಾಲೆ. ಮಕ್ಕಳು ಇಂಗ್ಲಿಷ್ ಪಾಠ ಕಲಿಯುವುದನ್ನು ಜನ ನಿಂತು ನೋಡಿ ಹೋಗುತ್ತಿದ್ದರು.

ಪಠ್ಯಪುಸ್ತಕದೊಳಗೂ ಮಾನವಶಾಸ್ತ್ರ ಹೊಕ್ಕಿತು, ಕೆಲವೊಮ್ಮೆ ತಪ್ಪಾಗಿಯೇ. ಇಫುಗಾವೊ ಬೆಟ್ಟಗಳಲ್ಲಿ ಮೇಷ್ಟ್ರಾಗಿ ಬಂದ ಹೆನ್ರಿ ಓಟ್ಲಿ ಬೇಯರ್ ಮುಂದೆ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಕ್ಕೆ ತಳಪಾಯ ಹಾಕಿದವನು. ದೇಶಕ್ಕೆ ಜನ ಅಲೆ ಅಲೆಯಾಗಿ ಬಂದರು, ಮೊದಲು ಬಂದವರಿಗಿಂತ ಆಮೇಲೆ ಬಂದವರು ಹೆಚ್ಚು ನಾಗರಿಕರು ಎಂಬುದು ಅವನ ವಾದ. ದಶಕಗಟ್ಟಲೆ ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಲಾಂಡಾ ಹೊಕಾನೊ ಮುಂತಾದ ಫಿಲಿಪಿನೊ ವಿದ್ವಾಂಸರು ಅದಕ್ಕೆ ಆಧಾರವಿಲ್ಲ ಎಂದು ವಾದಿಸಿದ ಮೇಲೂ ಅದು ಪಠ್ಯಗಳಲ್ಲಿ ಉಳಿದೇ ಇತ್ತು. ಕಲಾಂತಿಯಾವ್ ಸಂಹಿತೆಯ ಕಥೆ ಇನ್ನೂ ಸೊಗಸು. ಪನಾಯ್ ದ್ವೀಪದ ನಾಯಕನೊಬ್ಬ 1433ರಲ್ಲಿ ಬರೆಸಿದ ಕಾನೂನು ಎಂದು ಶಾಲೆಗಳಲ್ಲಿ ಕಲಿಸುತ್ತಿದ್ದ ಅದು ಹೊಸೆ ಮಾರ್ಕೊ ಎಂಬವನು ಒದಗಿಸಿದ ನಕಲಿ ದಾಖಲೆ ಎಂದು ವಿಲಿಯಂ ಹೆನ್ರಿ ಸ್ಕಾಟ್ 1968ರ ತನ್ನ ಪ್ರಬಂಧದಲ್ಲಿ ತೋರಿಸಿದ. ಸ್ಕಾಟ್ ಕೂಡ ಸಗಾಡಾ ಎಂಬ ಬೆಟ್ಟದೂರಿನಲ್ಲಿ ಪಾಠ ಹೇಳುತ್ತಿದ್ದವನೇ. ಪರಕೀಯರ ಮುಂದೆ ತಲೆಯೆತ್ತಲು ಪ್ರಾಚೀನ ಕಾನೂನೊಂದು ಬೇಕಿತ್ತು; ಸುಳ್ಳಾದರೂ ಮುದ್ದಾಗಿತ್ತು, ಬಿಡಲು ಮನಸ್ಸಾಗಲಿಲ್ಲ.

ತನ್ನ ಜನರನ್ನು ತಾನೇ ಓದಿದ, ತಾನೇ ಶಾಲೆ ನಡೆಸಿದ ಫಿಲಿಪಿನೊ ಒಬ್ಬ ಇವರೆಲ್ಲರಿಗಿಂತ ಮೊದಲೇ ಇದ್ದ. ಹೊಸೆ ರಿಸಾಲ್, ಆ ದೇಶದ ರಾಷ್ಟ್ರವೀರ. 1887ರಲ್ಲಿ ಬರ್ಲಿನ್‌ನ ಜನಾಂಗಶಾಸ್ತ್ರಜ್ಞರ ಸಭೆಯಲ್ಲಿ ತಗಲೊಗ್ ಛಂದಸ್ಸಿನ ಬಗ್ಗೆ ಜರ್ಮನ್ ಭಾಷೆಯಲ್ಲಿ ಪ್ರಬಂಧ ಓದಿದವನು. ಸ್ಪ್ಯಾನಿಷ್ ಸರ್ಕಾರ ಅವನನ್ನು 1892ರಲ್ಲಿ ದಪಿತಾನ್‌ಗೆ ಗಡೀಪಾರು ಮಾಡಿದಾಗ ಅಲ್ಲಿ ಹುಡುಗರಿಗೊಂದು ಶಾಲೆ ತೆರೆದ. ಫೀಸಿನ ಬದಲು ತೋಟದ ಕೆಲಸ. ಭಾಷೆ, ಗಣಿತದ ಜೊತೆಗೆ ಈಜು, ಕಾಡು ಸುತ್ತಿ ಕೀಟ, ಚಿಪ್ಪು ಹುಡುಕುವುದು. ಆ ದಿನಗಳಲ್ಲಿ ಸಂಗ್ರಹವಾಗಿ ಯುರೋಪಿಗೆ ಹೋದ ಮಾದರಿಗಳಲ್ಲಿ ಒಂದು ಕಪ್ಪೆ, ಒಂದು ದುಂಬಿ, ಒಂದು ಹಾರುವ ಹಲ್ಲಿಗೆ ವಿಜ್ಞಾನಿಗಳು ರಿಸಾಲನ ಹೆಸರನ್ನೇ ಇಟ್ಟರು. ಅವನನ್ನು 1896ರ ಕೊನೆಯಲ್ಲಿ ಗುಂಡಿಟ್ಟು ಕೊಂದರು. ಅವನ ಬದುಕು, ಬರಹ ಇಂದು ಕಾನೂನಿನ ಪ್ರಕಾರ ಕಡ್ಡಾಯ ಪಾಠ. ದಪಿತಾನ್ ಶಾಲೆಯ ಕ್ರಮ ಮಾತ್ರ ಕಡ್ಡಾಯವಾಗಲಿಲ್ಲ.

ಇಷ್ಟಾದರೂ ಊರಿನ ಸಂಸ್ಕೃತಿ ಶಾಲೆಯ ಹೊರಗೆ ನಿಂತು ನೋಡುತ್ತಾ ಕೂರಲಿಲ್ಲ. ಮನೆಯ ಮೂಲಕ ಒಳಗೆ ನುಗ್ಗಿತು. ಫಿಲಿಪಿನೊ ಕುಟುಂಬದಲ್ಲಿ ಒಬ್ಬರ ಓದು ಒಬ್ಬರದಲ್ಲ. ಹಿರಿಯಕ್ಕ, ಅಂದರೆ ‘ಆತೆ’, ಓದು ಮುಗಿಸಿ ಕೆಲಸ ಹಿಡಿದರೆ ತಮ್ಮ ತಂಗಿಯರ ಫೀಸು ಅವಳ ಹೆಗಲಿಗೆ. ಇದರ ಹಿಂದಿರುವುದು ‘ಉತಾಂಗ್ ನ ಲೋಬ್’, ತೀರಿಸಿದರೂ ತೀರದ ಒಳಗಿನ ಋಣ. ಸೌದಿಯಲ್ಲಿ ಚಾಲಕನಾಗಿರುವ ಅಪ್ಪ, ಹಾಂಕಾಂಗ್‌ನಲ್ಲಿ ಮನೆಗೆಲಸದಲ್ಲಿರುವ ಅಮ್ಮ ಕಳಿಸುವ ಹಣದಲ್ಲಿ ದೊಡ್ಡ ಪಾಲು ಶಾಲೆ ಕಾಲೇಜಿಗೇ ಹೋಗುತ್ತದೆ. ಮಗಳು ನರ್ಸಿಂಗ್ ಸೇರುವುದನ್ನು ಅವಳ ಅಭಿರುಚಿಗಿಂತ ಹೆಚ್ಚಾಗಿ ಮನೆಯವರ ಲೆಕ್ಕಾಚಾರ ತೀರ್ಮಾನಿಸುತ್ತದೆ. ಪದವಿ ಪ್ರದಾನದ ದಿನ ಮಗುವಿನ ಕೊರಳಿಗೆ ಪದಕ ಹಾಕಲು ಅಪ್ಪ ಅಮ್ಮ ವೇದಿಕೆ ಹತ್ತುತ್ತಾರೆ. ವೃತ್ತಿ ಪರೀಕ್ಷೆ ಪಾಸಾದರೆ ಬೀದಿಯಲ್ಲಿ ಫ್ಲೆಕ್ಸು. ಕಾನೂನೂ ಇದಕ್ಕೆ ತಲೆಬಾಗಿದೆ: 1987ರ ಕುಟುಂಬ ಸಂಹಿತೆ ಶಾಲೆಗೂ ಶಿಕ್ಷಕರಿಗೂ ತಂದೆತಾಯಿಯಂಥ ವಿಶೇಷ ಅಧಿಕಾರ ಕೊಡುತ್ತದೆ. ಶಾಲೆ ತೆರೆಯುವ ಮುಂಚೆ ಪೋಷಕರು, ನೆರೆಹೊರೆಯವರು ಸೇರಿ ಬೆಂಚು ರಿಪೇರಿ ಮಾಡಿ, ಗೋಡೆಗೆ ಬಣ್ಣ ಬಳಿಯುವ ‘ಬ್ರಿಗಾಡ ಎಸ್ಕ್ವೇಲ’ 2003ರಿಂದ ನಡೆಯುತ್ತಿದೆ. ಇಡೀ ಊರು ಸೇರಿ ಒಂದು ಮನೆಯನ್ನೇ ಹೆಗಲ ಮೇಲೆ ಹೊತ್ತು ಸಾಗಿಸುತ್ತಿದ್ದ ‘ಬಯನಿಹಾನ್’ ಪದ್ಧತಿಯ ಮುಂದುವರಿಕೆ ಅದು. ಸರ್ಕಾರ ಮಾಡಬೇಕಾದ ಕೆಲಸವನ್ನು ಊರವರ ತಲೆಗೆ ಕಟ್ಟುವ ಸಂಭಾವಿತ ದಾರಿಯೂ ಹೌದು.

ಅದೇ ಸಂಸ್ಕೃತಿ ತರಗತಿಯಲ್ಲಿ ಅಡ್ಡವಾಗುವುದೂ ಉಂಟು. ‘ಹಿಯಾ’ ಎಂಬ ಸಂಕೋಚ ಅಲ್ಲಿ ಸದ್ಗುಣ. ಹಿರಿಯರಿಗೆ ಎದುರಾಡಬಾರದು, ನಾಲ್ಕು ಜನರ ಮುಂದೆ ನಗೆಪಾಟಲಾಗಬಾರದು. ಅರ್ಥವಾಗದ್ದನ್ನು ಅರ್ಧ ಬರುವ ಇಂಗ್ಲಿಷಿನಲ್ಲಿ ಕೇಳುವುದಕ್ಕಿಂತ ಸುಮ್ಮನಿರುವುದು ಮೇಲು ಎಂದು ಮಗುವಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಅಟೆನಿಯೊ ವಿಶ್ವವಿದ್ಯಾಲಯದ ಜೆಸುಯಿಟ್ ಮಾನವಶಾಸ್ತ್ರಜ್ಞ ಫ್ರಾಂಕ್ ಲಿಂಚ್ 1960ರ ದಶಕದಲ್ಲಿ ಇದನ್ನೆಲ್ಲ ಸಂಬಂಧ ಕೆಡದಂತೆ ನಡೆದುಕೊಳ್ಳುವ ಜಾಣ್ಮೆ ಎಂದು ವಿವರಿಸಿದ. ಮನಶ್ಶಾಸ್ತ್ರಜ್ಞ ವರ್ಜೀಲಿಯೊ ಎನ್ರಿಕೆಸ್ ಒಪ್ಪಲಿಲ್ಲ. ಇವೆಲ್ಲ ಮೇಲ್ಪದರ, ಒಳಗಿರುವುದು ‘ಕಪ್ವಾ’, ಎದುರಿನವನಲ್ಲಿ ತನ್ನನ್ನೇ ಕಾಣುವ ಭಾವ ಎಂದ ಆತ 1970ರ ದಶಕದಲ್ಲಿ ವಿಶ್ವವಿದ್ಯಾಲಯದ ಪಾಠವನ್ನೇ ಫಿಲಿಪಿನೊ ಭಾಷೆಗೆ ತಿರುಗಿಸಿದ. ಪ್ರಶ್ನಾವಳಿ ಹಿಡಿದು ಹೋದರೆ ಜನ ಕೇಳಿದವರಿಗೆ ಹಿತವಾಗುವ ಉತ್ತರ ಕೊಡುತ್ತಾರೆ, ಕೂತು ಹರಟಿದರೆ ನಿಜ ಹೇಳುತ್ತಾರೆ ಎಂಬುದು ಆ ಪಂಥದವರ ಅನುಭವ.

ಇಷ್ಟೆಲ್ಲ ಸುತ್ತಿ ಬಂದರೂ ಜಗಳ ನಿಲ್ಲುವುದು ಭಾಷೆಯಲ್ಲಿ. ಇಂಗ್ಲಿಷೇ ದೊಡ್ಡ ತೊಡಕು ಎಂದು ದೇಶದ ಶಾಲೆಗಳನ್ನು ಪರಿಶೀಲಿಸಿದ 1925ರ ಮನ್ರೊ ಸಮೀಕ್ಷೆಯೇ ಕಂಡುಕೊಂಡಿತ್ತು, ಆದರೂ ಅದನ್ನು ಕೈಬಿಡಿ ಎನ್ನಲಿಲ್ಲ. ಇಲೊಯಿಲೊ ಪ್ರಾಂತದ ಶಾಲಾ ಅಧಿಕಾರಿ ಹೊಸೆ ಅಗಿಲಾರ್ 1948ರಿಂದ 1954ರವರೆಗೆ ಒಂದು ಪ್ರಯೋಗ ನಡೆಸಿದ. ಮೊದಲೆರಡು ತರಗತಿಗೆ ಮನೆಮಾತು ಹಿಲಿಗಾಯ್ನೊನ್, ಮೂರರಿಂದ ಇಂಗ್ಲಿಷ್. ಆ ಮಕ್ಕಳು ಓದಿನಲ್ಲಿ, ಲೆಕ್ಕದಲ್ಲಿ ಮುಂದಾದರು. ಇಂಗ್ಲಿಷಿಗೆ ಬದಲಾದ ಮೇಲೆ ಕೆಲವೇ ತಿಂಗಳಲ್ಲಿ ಆ ಭಾಷೆಯಲ್ಲೂ ಉಳಿದವರನ್ನು ಹಿಡಿದರು. ಕಲಿಂಗ ಪ್ರಾಂತದ ಲುಬುಆಗಾನ್‌ನಲ್ಲಿ ಮುಂದೆ ನಡೆದ ಪ್ರಯೋಗದಲ್ಲೂ ಇದೇ ಫಲ. ಕೊನೆಗೆ 2009ರಲ್ಲಿ ಸರ್ಕಾರ ಮಾತೃಭಾಷಾ ನೀತಿ ತಂದಿತು, 2013ರಲ್ಲಿ ಅದು ಕಾನೂನಾಯಿತು: ಶಿಶುವಿಹಾರದಿಂದ ಮೂರನೆಯ ತರಗತಿವರೆಗೆ ಮನೆಮಾತು, ಹತ್ತೊಂಬತ್ತು ಭಾಷೆಗಳಲ್ಲಿ.

ಆದರೆ ದೇಶದಲ್ಲಿರುವ ಭಾಷೆಗಳು ನೂರೈವತ್ತಕ್ಕೂ ಹೆಚ್ಚು. ನಗರದ ಒಂದೇ ತರಗತಿಯಲ್ಲಿ ಮೂರು ನಾಲ್ಕು ಮನೆಮಾತು. ಗಣಿತದ ಪುಸ್ತಕದಲ್ಲಿ ಪಂಡಿತರು ಹೆಕ್ಕಿ ತಂದ ಸಂಖ್ಯಾಪದಗಳು. ಮಕ್ಕಳೋ ಅಂಗಡಿಯಲ್ಲಿ ಸ್ಪ್ಯಾನಿಷಿನಲ್ಲೋ ಇಂಗ್ಲಿಷಿನಲ್ಲೋ ಎಣಿಸುತ್ತಿದ್ದರು. ಹೊರದೇಶದ ಕೆಲಸದ ಮೇಲೆ ಕಣ್ಣಿಟ್ಟ ಪೋಷಕರಿಗೆ ಮನೆಮಾತು ಶಾಲೆಯಲ್ಲಿ ಯಾಕೆ ಬೇಕೆಂಬ ಪ್ರಶ್ನೆ. ಕನ್ನಡ ಮಾಧ್ಯಮದ ವಾದ ವಿವಾದ ಕೇಳಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣದು. 2018ರ ‘ಪಿಸಾ’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಓದಿನ ವಿಭಾಗದಲ್ಲಿ ಫಿಲಿಪ್ಪೀನ್ಸ್ 79 ದೇಶ, ಪ್ರಾಂತಗಳಲ್ಲಿ ಕಡೆಯ ಸ್ಥಾನಕ್ಕೆ ಬಂದಾಗ ಗದ್ದಲವೆದ್ದಿತು. ಪರೀಕ್ಷೆ ನಡೆದದ್ದು ಇಂಗ್ಲಿಷಿನಲ್ಲಿ, ಬಹುಪಾಲು ಮಕ್ಕಳ ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ.

ಬುಡಕಟ್ಟು ಮಕ್ಕಳ ಮಟ್ಟಿಗೆ 2011ರ ಶಿಕ್ಷಣ ನೀತಿ ಹಿರಿಯರ ಜ್ಞಾನವನ್ನು ಪಠ್ಯಕ್ಕೆ ತರಬೇಕೆಂದಿತು. ಇಫುಗಾವೊದಲ್ಲಿ ‘ಹುದ್‌ಹುದ್’ ಹಾಡುಗಬ್ಬವನ್ನು ಈಗ ಮಕ್ಕಳಿಗೆ ಪಾಠದಂತೆ ಕಲಿಸುತ್ತಾರೆ. ಭತ್ತದ ಕೊಯ್ಲಿನಲ್ಲಿ, ಸಾವಿನ ಮನೆಯ ಜಾಗರಣೆಯಲ್ಲಿ ಹಿರಿಯ ಹೆಂಗಸರು ಮುಂದಾಗಿ ದಿನಗಟ್ಟಲೆ ಹಾಡುತ್ತಿದ್ದ ಅದು ಗದ್ದೆ ಬಿಟ್ಟು ಬಂದರೆ ಅದೇ ಹಾಡಾಗಿ ಉಳಿದೀತೇ ಎಂಬ ಅನುಮಾನ ಸಹಜ, ಆದರೆ ಯುವಕರು ಗದ್ದೆಯನ್ನೇ ಬಿಟ್ಟು ಹೋಗುತ್ತಿರುವಾಗ ಬೇರೆ ದಾರಿಯೂ ಕಾಣದು. ಮಿಂಡನಾವೊದ ಲುಮಾಡ್ ಸಮುದಾಯಗಳ ಸಲುಗ್‌ಪೊಂಗಾನ್ ಶಾಲೆಗಳ ಕಥೆ ಬೇರೆ. ಬಂಡುಕೋರರ ನಂಟಿನ ಆರೋಪದ ಮೇಲೆ ಅವುಗಳಲ್ಲಿ 55 ಶಾಲೆಗಳನ್ನು 2019ರಲ್ಲಿ ಸರ್ಕಾರ ಮುಚ್ಚಿಸಿತು, ನಡೆಸುತ್ತಿದ್ದವರು ಆರೋಪವನ್ನು ಅಲ್ಲಗಳೆದರು.

2024ರ ಅಕ್ಟೋಬರಿನಲ್ಲಿ ಮಾತೃಭಾಷಾ ಮಾಧ್ಯಮವೇ ರದ್ದಾಯಿತು. ಹೊಸ ಕಾನೂನು ಬೋಧನೆಯನ್ನು ಮತ್ತೆ ಫಿಲಿಪಿನೊ ಮತ್ತು ಇಂಗ್ಲಿಷಿಗೆ ಒಪ್ಪಿಸಿ, ಉಳಿದ ಭಾಷೆಗಳಿಗೆ ನೆರವಿನ ಪಾತ್ರ ಕೊಟ್ಟಿತು. ಎಲ್ಲ ಮಕ್ಕಳದೂ ಒಂದೇ ಮನೆಮಾತಾಗಿದ್ದರೆ ಅಂಥ ತರಗತಿಯಲ್ಲಿ ಮಾತ್ರ ಅದರಲ್ಲೇ ಕಲಿಸಬಹುದು, ಕೆಲವು ಷರತ್ತುಗಳ ಮೇಲೆ. ಆ ಭಾಷೆಗೆ ಅಧಿಕೃತ ಬರಹ ಪದ್ಧತಿ ಇರಬೇಕು, ವ್ಯಾಕರಣ ಪುಸ್ತಕ ಇರಬೇಕು, ನಿಘಂಟು ಇರಬೇಕು, ಅದನ್ನು ಆಡಬಲ್ಲ, ಅದರಲ್ಲಿ ಕಲಿಸಲು ತರಬೇತಾದ ಶಿಕ್ಷಕರು ಅಲ್ಲೇ ಇರಬೇಕು. ಗುಡ್ಡಗಾಡಿನ ಸಣ್ಣ ಭಾಷೆಗಳಲ್ಲಿ ಎಷ್ಟು ಈ ಪಟ್ಟಿಯನ್ನು ದಾಟಬಲ್ಲವು ಎಂಬ ಲೆಕ್ಕವನ್ನು ಈಗ ಶಿಕ್ಷಣ ಇಲಾಖೆ ಹಾಕಬೇಕಿದೆ.