ಪೌರತ್ವಸ್ವೀಕಾರದಲ್ಲಿ ನಾಮಾಂತರ

ಕಲಬುರಗಿಯ ಸೇಡಂ ರಸ್ತೆಯಲ್ಲಿ 1980ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವಿರುವುದು ವಾಚಕರಿಗೆ ವಿದಿತವೇ ಆಗಿದೆ. 2014ನೆಯ ನವೆಂಬರ್ 1ರಂದು ನಗರವು ಗುಲ್ಬರ್ಗಾ ಎಂಬ ಹೆಸರನ್ನು ಬಿಟ್ಟು ಅಧಿಕೃತವಾಗಿ ಕಲಬುರಗಿಯಾಯಿತು. ವಿಶ್ವವಿದ್ಯಾಲಯವಾದರೋ ಆ ಬಳಿಕವೂ ಪೂರ್ವದ ಸಂಜ್ಞೆಯಿಂದಲೇ ಪದವೀಪತ್ರಗಳನ್ನು ಕೊಡುತ್ತ ಬಂದಿತು. ಊರಿನ ಹೆಸರು ಬದಲಾದ ಮಾತ್ರಕ್ಕೆ ಯಾರ ಹೊಲವೂ ಕದಲಲಿಲ್ಲ. ಸಂಜ್ಞೆಯು ಬೇರೆ, ಸಂಜ್ಞಿಯು ಬೇರೆ ಎಂಬ ಶಾಸ್ತ್ರಜ್ಞರ ವಿವೇಕವು ಇಲ್ಲಿ ನಿರಾಯಾಸವಾಗಿ ನಿಲ್ಲುತ್ತದೆ. ಆದರೆ ಅದೇ ಪದವೀಪತ್ರವನ್ನು ಹಿಡಿದು ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಹೋದ ಪುರುಷನು ಅಲ್ಲಿಯ ಪೌರತ್ವವನ್ನು ಬೇಡುವಾಗ ತನ್ನ ಹೆಸರನ್ನೂ ಬದಲಿಸಿಕೊಂಡನೆನ್ನೋಣ. ಆಗ ಸಂಜ್ಞಿಯು ಒಬ್ಬನೇ ಎಂಬುದು ತಾನಾಗಿ ಸಿದ್ಧವಾಗುವುದಿಲ್ಲ. ಅದನ್ನು ಪತ್ರಪ್ರಮಾಣದಿಂದ ಸಾಧಿಸಬೇಕಾಗುತ್ತದೆ.

ಹೆಸರನ್ನು ಬದಲಿಸುವ ಅಗತ್ಯವಾದರೂ ಏಕೆ ಒದಗುತ್ತದೆ? ಕಲಬುರಗಿ ಪ್ರಾಂತದಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು ಎಂಬ ಕ್ರಮವು ರೂಢಿಯಲ್ಲಿದೆ. ಹಳೆಯ ಮೈಸೂರಿನ ಕಡೆಯಲ್ಲಿ ಊರೂ ತಂದೆಯೂ ಒಂದೊಂದು ಅಕ್ಷರವಾಗಿ ಕುಗ್ಗಿ ಮುಂದೆ ನಿಲ್ಲುತ್ತಾರೆ, ಅಡ್ಡಹೆಸರಿನ ಗೊಡವೆಯೇ ಇಲ್ಲದ ಮನೆಗಳು ಅಲ್ಲಿ ಅನೇಕ. ಪಾಶ್ಚಾತ್ಯರ ಅರ್ಜಿಯಾದರೋ ಸ್ವಂತ ಹೆಸರಿಗೆ ಒಂದು, ಕುಲನಾಮಕ್ಕೆ ಒಂದು, ಹೀಗೆ ಎರಡು ಮನೆಗಳನ್ನು ಕೊರೆದಿಟ್ಟು ಎರಡನ್ನೂ ತುಂಬೆನ್ನುತ್ತದೆ. ವೈಯಾಕರಣರಿಗೆ ದೇವದತ್ತನು ಹೇಗೋ ಹಾಗೆ ಈ ಪ್ರಾಂತಕ್ಕೆ ಶರಣಪ್ಪನು. ಅವನನ್ನೇ ಉದಾಹರಣೆಯಾಗಿ ಗ್ರಹಿಸೋಣ. ಅವನ ಪಾಸ್‌ಪೋರ್ಟಿನಲ್ಲಿ ಹೆಸರೆಲ್ಲವೂ ಕುಲನಾಮದ ಮನೆಯಲ್ಲಿಯೇ ಸೇರಿ ಸ್ವಂತ ಹೆಸರಿನ ಮನೆಯು ಬರಿದಾಗಿದ್ದರೆ, ಅಮೆರಿಕದ ವೀಸಾ ಪತ್ರದಲ್ಲಿ ಆ ಸ್ಥಾನಕ್ಕೆ ‘ಎಫ್.ಎನ್.ಯು.’ ಎಂದು ಬರೆಯಲಾಗುತ್ತದೆ. ಮೊದಲ ಹೆಸರು ತಿಳಿಯದು ಎಂಬುದು ಇದರ ಅರ್ಥ. ಅಲ್ಲಿಂದ ಮುಂದೆ ಬ್ಯಾಂಕಿನವರೂ ಆಸ್ಪತ್ರೆಯವರೂ ಅದನ್ನೇ ನಾಮಧೇಯವೆಂದು ತಿಳಿದು ಕೂಗುವುದುಂಟು. ಹೆಸರಿನ ಅಭಾವವನ್ನು ಹೇಳುವ ಶಬ್ದವೇ ಹೆಸರಾಗಿ ಕುಳಿತ ಈ ವೈಚಿತ್ರ್ಯವು ಪ್ರಾಚೀನ ಶಾಬ್ದಿಕರ ಕಣ್ಣಿಗೆ ಬಿದ್ದಿದ್ದರೆ ಸೊಗಸಾದ ಒಂದು ಪೂರ್ವಪಕ್ಷಕ್ಕೆ ಸಾಮಗ್ರಿಯಾಗುತ್ತಿತ್ತು. ಇಂಥವನು ಪೌರತ್ವದ ಸಂದರ್ಭದಲ್ಲಿ ಹೆಸರನ್ನು ಸರಿಪಡಿಸಿಕೊಳ್ಳಬಯಸುವುದು ಚಾಪಲ್ಯವಲ್ಲ.

ಅದಕ್ಕೆ ಆ ದೇಶದ ಶಾಸನದಲ್ಲಿ ಅವಕಾಶವು ಪುರಾತನವಾದುದು. 1906ರ ಶಾಸನವೇ ಪೌರತ್ವವನ್ನು ಕೊಡುವ ನ್ಯಾಯಾಲಯಕ್ಕೆ ಅರ್ಜಿದಾರನ ಪ್ರಾರ್ಥನೆಯ ಮೇರೆಗೆ ನಾಮಾಂತರವನ್ನು ಮಾಡುವ ಅಧಿಕಾರವನ್ನು ಕೊಟ್ಟಿತು. ಭಾರತೀಯರಿಗೆ ಆಗ ಇದರಿಂದ ಸ್ಥಿರವಾದ ಫಲವಿರಲಿಲ್ಲ. ಅವರು ಪೌರತ್ವಕ್ಕೆ ಅನರ್ಹರೆಂದು 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು, 1946ರ ಶಾಸನದಿಂದ ಆ ಪ್ರತಿಬಂಧವು ತೊಲಗಿತು. 1952ರ ಶಾಸನದಲ್ಲಿಯೂ ನ್ಯಾಯಾಲಯದ ಅಧಿಕಾರವು ಉಳಿಯಿತು. ಆದರೆ 1990ರ ಶಾಸನದಿಂದ ಪೌರತ್ವವನ್ನು ಕೊಡುವ ಕಾರ್ಯವು ಮುಖ್ಯವಾಗಿ ಆಡಳಿತಾಧಿಕಾರಿಗಳ ಕೈಗೆ ಬಂದಿತು. ತೊಡಕು ಹುಟ್ಟುವುದು ಇಲ್ಲಿಯೇ. ಪ್ರತಿಜ್ಞಾಸ್ವೀಕಾರದ ಸಭೆಗಳು ಈಗ ಎರಡು ಬಗೆ: ನ್ಯಾಯಾಧೀಶರು ನಡೆಸತಕ್ಕವು, ಅಧಿಕಾರಿಗಳು ನಡೆಸತಕ್ಕವು. ಅಧಿಕಾರಿಗೆ ಪೌರತ್ವವನ್ನು ಕೊಡಲು ಬರುತ್ತದೆ, ಹೆಸರನ್ನು ಕೊಡಲು ಬರುವುದಿಲ್ಲ. ಆದುದರಿಂದ ನಾಮಾಂತರವನ್ನು ಬಯಸುವವನು ಅರ್ಜಿಯಲ್ಲಿ ಅದನ್ನು ಸೂಚಿಸಿ, ಪ್ರತ್ಯೇಕ ಪ್ರಾರ್ಥನಾಪತ್ರಕ್ಕೆ ಸಹಿ ಹಾಕಿ, ನ್ಯಾಯಾಲಯದ ಸಭೆಗಾಗಿ ಕಾಯಬೇಕು. ಇಲ್ಲವೇ ತಾನಿರುವ ಸಂಸ್ಥಾನದ ನ್ಯಾಯಾಲಯದಿಂದ ಬೇರೆಯಾಗಿ ಆಜ್ಞೆಯನ್ನು ಪಡೆಯಬೇಕು. ಹಿಂದೆ ಧರಿಸಿದ ಹೆಸರುಗಳೆಲ್ಲವನ್ನೂ ಅರ್ಜಿಯಲ್ಲಿ ನಮೂದಿಸತಕ್ಕುದೆಂಬ ನಿಯಮವೂ ಇದೆ. ಹೊಸ ಹೆಸರು ಹಳೆಯದನ್ನು ಮುಚ್ಚುವುದಕ್ಕಾಗಿ ಅಲ್ಲ.

ಭಾರತದಲ್ಲಿ ಕ್ರಮವು ಇದಕ್ಕೆ ಭಿನ್ನವಾಗಿದೆ. 1955ರ ಪೌರತ್ವ ಅಧಿನಿಯಮದ ಮೂರನೆಯ ಅನುಸೂಚಿಯು ದೇಶೀಕರಣವನ್ನು ಬೇಡುವ ವಿದೇಶೀಯನಿಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಒಂದು ಭಾಷೆಯ ಸಾಕಷ್ಟು ಜ್ಞಾನವನ್ನು ವಿಧಿಸುತ್ತದೆ. ಕನ್ನಡವೂ ಅವುಗಳಲ್ಲಿ ಒಂದೆಂಬುದು ಭಾಷೋಪಾಧ್ಯಾಯರು ನೆನಪಿನಲ್ಲಿಡಬೇಕಾದ ಸಂಗತಿ. ಹೆಸರಿನ ಬದಲಾವಣೆಯು ಮಾತ್ರ ಇಲ್ಲಿ ಬೇರೆಯ ಕಾರ್ಯವೇ: ಅಫಿಡವಿಟ್ಟು, ವೃತ್ತಪತ್ರಿಕೆಯಲ್ಲಿ ಪ್ರಕಟಣೆ, ಬಳಿಕ ರಾಜಪತ್ರದಲ್ಲಿ ಪ್ರಕಟಣೆ.

ಈ ಪ್ರಸಂಗದಲ್ಲಿ ಸಂನ್ಯಾಸಿಯ ದೃಷ್ಟಾಂತವು ಸಹಜವಾಗಿ ಮನಸ್ಸಿಗೆ ಬರುತ್ತದೆ. ಅವನೂ ಪ್ರತಿಜ್ಞೆಯನ್ನು ಮಾಡಿ ಹೊಸ ಹೆಸರನ್ನು ಪಡೆಯುತ್ತಾನೆ. ಸಾಮ್ಯವು ಅಲ್ಲಿಗೇ ಮುಗಿಯಿತು. ವಿಧಿವತ್ತಾಗಿ ಸಂನ್ಯಸಿಸಿದವನು ವ್ಯವಹಾರದಲ್ಲಿ ಮೃತಪ್ರಾಯನು. ಪೂರ್ವಾಶ್ರಮದ ಹೆಸರಿನೊಡನೆ ಪಿತ್ರಾರ್ಜಿತದ ದಾಯವೂ ಕಳಚುತ್ತದೆ. ವಿದೇಶದ ಪೌರನಾದ ಶರಣಪ್ಪನಿಗೆ ಭಾರತದ ಪೌರತ್ವವು ಅದೇ ಅಧಿನಿಯಮದ ಒಂಬತ್ತನೆಯ ಪ್ರಕರಣದಂತೆ ತಪ್ಪುವುದು ನಿಜ. ಆದರೆ ತಂದೆಯ ಭೂಮಿಯಲ್ಲಿ ಉತ್ತರಾಧಿಕಾರವು ತಪ್ಪುವುದಿಲ್ಲ. ಅವನ ತಂಗಿಯು ಹೋಗಿದ್ದರೆ ಅವಳಿಗೂ ಹಾಗೆಯೇ. ಸಂನ್ಯಾಸಿಗೆ ಹಳೆಯ ಹೆಸರನ್ನು ಮರೆಯುವುದು ಧರ್ಮ, ಇವರಿಗೆ ಮರೆತರೆ ಹಾನಿ.

ಆ ಹಾನಿಯು ತಂದೆಯು ತೀರಿಕೊಂಡ ಮೇಲೆ ಪೌತಿ ಖಾತೆಯ ಕಾಲದಲ್ಲಿ ಕಾಣಿಸಿಕೊಳ್ಳುತ್ತದೆ. ವಂಶವೃಕ್ಷದಲ್ಲಿ ಇರುವುದು ಶಾಲೆಯ ದಿನಗಳ ಹೆಸರು. ಕೈಯಲ್ಲಿರುವ ವಿದೇಶದ ಪಾಸ್‌ಪೋರ್ಟಿನಲ್ಲಿ ಇರುವುದು ಹೊಸ ಹೆಸರು. ಇವೆರಡನ್ನು ಬೆಸೆಯುವುದು ನ್ಯಾಯಾಲಯದ ಆಜ್ಞೆಯೊಂದೇ. ಪ್ರತಿಜ್ಞೆಯ ದಿನ ಕೊಟ್ಟ ಆ ಕಾಗದವನ್ನು ಅಲಕ್ಷ್ಯದಿಂದ ಕಳೆದುಕೊಂಡವನು ತಾನು ತಾನೇ ಎಂಬುದಕ್ಕೆ ಸಾಕ್ಷಿಗಳನ್ನು ಹುಡುಕಬೇಕಾಗುತ್ತದೆ. ಭಾರತದ ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸುವಾಗಲೂ, ಸಾಗರೋತ್ತರ ಭಾರತೀಯ ನಾಗರಿಕನೆಂಬ ಗುರುತಿನ ಚೀಟಿಯನ್ನು ಬೇಡುವಾಗಲೂ ಅದೇ ಕಾಗದವು ಬೇಕು. ಅದಿದ್ದರೆ ಪಹಣಿಯಲ್ಲಿ ಎರಡು ಹೆಸರುಗಳ ನಡುವೆ ‘ಉರ್ಫ್’ ಎಂಬ ಅರಬ್ಬೀ ಮೂಲದ ಒಂದು ಪದವನ್ನು ಬರೆಸಿಕೊಳ್ಳಬಹುದು. ಸಂಸ್ಕೃತದಲ್ಲಿ ಇದಕ್ಕೆ ‘ಅಪರನಾಮಧೇಯ’ ಎಂಬ ಪದವಿದೆಯಾದರೂ ಕಂದಾಯದ ಗುಮಾಸ್ತರಾರೂ ಅದನ್ನು ಬರೆಯುವುದಿಲ್ಲ.