ನಿಮ್ಮ ಮನೆಯ ಕಿಟಕಿ ಬೆವರುತ್ತಿದೆಯೇ?

ಕೂಟದ ಸಂಕ್ರಾಂತಿ ಊಟದ ಸಾಲಿನಲ್ಲಿ ನಿಂತಿದ್ದಾಗ ಮೂರು ಜನ ಬೇರೆ ಬೇರೆಯಾಗಿ ಬಂದು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮನೆ ಕಿಟಕಿ ಎಲ್ಲಾ ಬದಲಾಯಿಸ್ತಿದ್ದೀರಂತೆ, ಎಷ್ಟಾಯ್ತು?" ತಟ್ಟೆಯಲ್ಲಿನ ಹುಗ್ಗಿ ಆರುವಷ್ಟರಲ್ಲಿ ಹೇಳಿ ಮುಗಿಸುವ ಕಥೆಯಲ್ಲ ಅದು. ಅದಕ್ಕೇ ಈ ಬರಹ. ನಾನು ವೃತ್ತಿಯಲ್ಲಿ ಸಾಫ್ಟ್‌ವೇರಿನವನು, ಬಡಗಿಯಲ್ಲ. ಆದರೆ ಹದಿನಾರು ಸಾವಿರ ಡಾಲರಿನ ಕಾಗದಕ್ಕೆ ಸಹಿ ಹಾಕುವ ಹಂತಕ್ಕೆ ಬಂದಾಗ ಎಂಥವನಾದರೂ ಓದಲು ಶುರುಮಾಡುತ್ತಾನೆ!

ಶುರುವಾಗಿದ್ದು ಅಮ್ಮನಿಂದ. ಹೋದ ಚಳಿಗಾಲ ಅಪ್ಪ-ಅಮ್ಮ ಶಿಕಾಗೋ ಬಳಿಯ ನಮ್ಮ ಮನೆಗೆ ಬಂದಿದ್ದರು. ಒಂದು ಬೆಳಿಗ್ಗೆ ಅಮ್ಮ ಅಡುಗೆಮನೆಯಿಂದ ಕೂಗಿದರು, "ಏನೋ ಇದು, ನಿಮ್ಮನೆ ಕಿಟಕಿ ಬೆವರ್ತಿದೆಯಲ್ಲೋ!" ಹೋಗಿ ನೋಡಿದರೆ ನಿಜ. ಗಾಜಿನ ಮೇಲೆ ನೀರು ಸಾಲುಸಾಲಾಗಿ ಇಳಿದು ಕೆಳಗಿನ ಮರದ ಪಟ್ಟಿಯಲ್ಲಿ ನಿಂತಿತ್ತು. ಮಹಡಿಯ ಮೇಲಿನ ಮೂರು ಕಿಟಕಿಗಳದ್ದು ಇನ್ನೊಂದು ಬಗೆ: ಮಂಜು ಎರಡು ಗಾಜುಗಳ ನಡುವೆಯೇ ಕೂತಿತ್ತು, ಒರೆಸಿದರೂ ಹೋಗದು. ನನಗೆ ಎರಡೂ ಒಂದೇ ಕಾಯಿಲೆ ಅನ್ನಿಸಿತು. ಒಂದು ಕಂಪನಿಗೆ ಫೋನ್ ಮಾಡಿದೆ. ಬಂದವರು ಹದಿನಾಲ್ಕೂ ಕಿಟಕಿ ಅಳೆದು, "22,000 ಡಾಲರ್. ಇವತ್ತು ರಾತ್ರಿಯೊಳಗೆ ಸಹಿ ಹಾಕಿದರೆ 16,000" ಅಂದರು. ಒಂದೇ ರಾತ್ರಿಗೆ ಆರು ಸಾವಿರ ಇಳಿಯುವ ವಸ್ತುವಿನ ನಿಜವಾದ ಬೆಲೆ ಎಷ್ಟಿರಬಹುದು ಎಂಬ ಅನುಮಾನ ಬಂದಿದ್ದು ನನ್ನಾಕೆಗೆ. ನನಗಲ್ಲ.

ಮೊದಲು ಆ ಎರಡು ಬೆವರುಗಳ ವಿಷಯ. ಒಳಗಿನ ಗಾಜಿನ ಮೇಲಿನ ನೀರು ಮನೆಯೊಳಗಿನ ಗಾಳಿಯದ್ದು. 70 ಡಿಗ್ರಿ ಬೆಚ್ಚಗಿದ್ದು ಶೇಕಡಾ 50ರಷ್ಟು ತೇವಾಂಶವಿರುವ ಗಾಳಿ ಸುಮಾರು 50 ಡಿಗ್ರಿ ಫ್ಯಾರನ್‌ಹೀಟಿನ ಮೇಲ್ಮೈಗೆ ತಾಗಿದರೆ ಸಾಕು, ನೀರಾಗುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ಹಳೆಯ ಮಾದರಿಯ ಜೋಡಿ ಗಾಜಿನ ಒಳಮೈ ಸುಮಾರು 45 ಡಿಗ್ರಿಯಲ್ಲಿರುತ್ತದೆ, ಅಂಚಿನಲ್ಲಿ ಇನ್ನೂ ಕಡಿಮೆ. ಈಗ ನಮ್ಮ ಅಡುಗೆಮನೆ ನೆನೆಸಿಕೊಳ್ಳಿ. ಬೆಳಿಗ್ಗೆ ಇಡ್ಲಿ ಪಾತ್ರೆಯ ಹಬೆ, ಮಧ್ಯಾಹ್ನ ಕುಕ್ಕರಿನ ನಾಲ್ಕು ಸೀಟಿ, ಸಂಜೆ ಕಾಫಿಗೆ ಕುದಿಯುವ ನೀರು, ಜೊತೆಗೆ ಬೇಸ್‌ಮೆಂಟಿನಲ್ಲಿ ಹಗ್ಗ ಕಟ್ಟಿ ಒಣಹಾಕಿದ ಅಮ್ಮನ ಸೀರೆ. ಕಿಟಕಿ ಬೆವರದೆ ಏನು ಮಾಡೀತು? ಹತ್ತು-ಹದಿನೈದು ಡಾಲರಿನ ತೇವಾಂಶಮಾಪಕ ತಂದಿಟ್ಟೆ. ಅಡುಗೆಯ ಹೊತ್ತಿಗೆ ಹೊರಕ್ಕೆ ಗಾಳಿ ತಳ್ಳುವ ಫ್ಯಾನ್ ಹಾಕಿ, ಫರ್ನೇಸಿಗೆ ಅಂಟಿಕೊಂಡಿದ್ದ ಹ್ಯುಮಿಡಿಫೈಯರನ್ನು ತಗ್ಗಿಸಿ, ಕಡುಚಳಿಯ ದಿನಗಳಲ್ಲಿ ತೇವಾಂಶವನ್ನು ಶೇಕಡಾ 30-35ಕ್ಕೆ ಇಳಿಸಿದ ಮೇಲೆ ಬೆವರು ನಿಂತಿತು.

ಎರಡು ಗಾಜುಗಳ ನಡುವಿನ ಮಂಜು ಮಾತ್ರ ಕಿಟಕಿಯದ್ದೇ ದೋಷ. ಜೋಡಿ ಗಾಜುಗಳ ನಡುವೆ ಅಂಚಿನ ಉದ್ದಕ್ಕೂ ಸ್ಪೇಸರ್ ಎಂಬ ತೆಳುಪಟ್ಟಿ ಇರುತ್ತದೆ. ಅದರೊಳಗೆ ತೇವ ಹೀರುವ ಕಾಳುಗಳು, ಹೊರಗೆ ಗಾಳಿಯಾಡದಂತೆ ಹಚ್ಚಿದ ಅಂಟು. ವರ್ಷಗಳು ಕಳೆದಂತೆ ಅಂಟು ಬಿಟ್ಟುಕೊಂಡರೆ ತೇವ ಒಳಹೋಗಿ, ಕಾಳುಗಳು ಹೀರುವಷ್ಟು ಹೀರಿ ಕೈಚೆಲ್ಲುತ್ತವೆ. ಹಾಗಂತ ಇಡೀ ಕಿಟಕಿ ಕಿತ್ತೆಸೆಯಬೇಕಿಲ್ಲ. ಚೌಕಟ್ಟು ಗಟ್ಟಿಯಾಗಿದ್ದರೆ ಜೋಡಿ ಗಾಜನ್ನಷ್ಟೇ ಬದಲಾಯಿಸಬಹುದು. ಊರಿನ ಯಾವುದೇ ಗಾಜಿನಂಗಡಿಯವರು ಅಳತೆ ತೆಗೆದುಕೊಂಡು ಮಾಡಿಸಿ ಕೊಡುತ್ತಾರೆ. ಈ ಮಾತನ್ನು ಮಾರಲು ಬಂದವರು ಹೇಳಲಿಲ್ಲ, ಹೇಳಬೇಕೆಂದು ನಾವು ನಿರೀಕ್ಷಿಸುವುದೂ ತಪ್ಪು ಬಿಡಿ.

ಇನ್ನು ಕಿಟಕಿಯ ಜಾತಿಗಳು. ಊರಲ್ಲಿ ಕಿಟಕಿ ಅಂದರೆ ಮರದ ಚೌಕಟ್ಟು, ನಾಲ್ಕೈದು ಕಬ್ಬಿಣದ ಸರಳು, ಎರಡು ಕದ, ಒಂದು ಚಿಲಕ. ಇಲ್ಲಿ ಗೋಡೆಗೆ ಕೂರುವ ಹೊರ ಚೌಕಟ್ಟು ಫ್ರೇಮ್. ಗಾಜನ್ನು ಹಿಡಿದುಕೊಂಡು ಸರಿದಾಡುವ ಒಳ ಚೌಕಟ್ಟು ಸ್ಯಾಶ್. ಎರಡು ಸ್ಯಾಶ್‌ಗಳು ಮೇಲೆ ಕೆಳಗೆ ಜಾರಿದರೆ ಡಬಲ್-ಹಂಗ್, ಕೆಳಗಿನದು ಮಾತ್ರ ಜಾರಿದರೆ ಸಿಂಗಲ್-ಹಂಗ್. ಪಕ್ಕಕ್ಕೆ ಸರಿದರೆ ಸ್ಲೈಡರ್. ಹಿಡಿ ತಿರುಗಿಸಿದಾಗ ನಮ್ಮೂರ ಕದದಂತೆ ಹೊರಕ್ಕೆ ತೆರೆದುಕೊಳ್ಳುವುದು ಕೇಸ್‌ಮೆಂಟ್. ಮೇಲೆ ಕೀಲಿದ್ದು ಕೆಳಗಿನಿಂದ ಹೊರಕ್ಕೆ ಎತ್ತಿಕೊಳ್ಳುವುದು ಆನಿಂಗ್, ಸಣ್ಣ ಮಳೆಯಲ್ಲೂ ತೆರೆದಿಡಬಹುದು. ಕೆಳಗೆ ಕೀಲಿದ್ದು ಒಳಕ್ಕೆ ಬಾಗುವ ಬೇಸ್‌ಮೆಂಟಿನ ಪುಟ್ಟ ಕಿಟಕಿ ಹಾಪರ್. ತೆರೆಯದೇ ಇರುವುದು ಪಿಕ್ಚರ್. ಇವುಗಳಲ್ಲಿ ಗಾಳಿ ಸೋರುವ ವಿಷಯಕ್ಕೆ ಬಂದರೆ ಕೇಸ್‌ಮೆಂಟ್ ಸಾಮಾನ್ಯವಾಗಿ ಮೇಲು. ಮುಚ್ಚಿದಾಗ ಸ್ಯಾಶ್ ಸುತ್ತಲೂ ರಬ್ಬರಿಗೆ ಒತ್ತಿಕೊಳ್ಳುತ್ತದೆ, ಹೊರಗಿನ ಗಾಳಿ ಬೀಸಿದಷ್ಟೂ ಇನ್ನೂ ಬಿಗಿಯಾಗುತ್ತದೆ. ಜಾರುವ ಕಿಟಕಿಗಳಿಗೆ ಆ ಅನುಕೂಲವಿಲ್ಲ, ಜಾರಬೇಕಾದರೆ ಸ್ವಲ್ಪವಾದರೂ ಸಡಿಲವಿರಲೇಬೇಕಲ್ಲ. ಅಂದಹಾಗೆ, ಫ್ರೇಮಿನ ಕೆಳಗೆ ಹೊರಗಡೆ ಕಾಣುವ ಸಣ್ಣ ತೂತುಗಳು ಮಳೆನೀರು ಹರಿದುಹೋಗಲು ಇಟ್ಟವು. ಚಳಿ ಬರುತ್ತದೆಂದು ಅವಕ್ಕೆ ಅಂಟು ಹಚ್ಚಬೇಡಿ. ನಾನು ಹಚ್ಚಿದ್ದೆ! ನೀರು ನಿಂತು ಬಚ್ಚಲುಮನೆಯ ಕಿಟಕಿಯ ಮರ ಕೊಳೆತದ್ದು ನನ್ನ ಇಂಜಿನಿಯರಿಂಗ್ ಪದವಿಯ ಫಲ.

ಅಂಗಡಿಯಲ್ಲಿ ಹೊಸ ಕಿಟಕಿಯ ಗಾಜಿನ ಮೇಲೆ ಎನ್.ಎಫ್.ಆರ್.ಸಿ. ಎಂಬ ಸಂಸ್ಥೆಯ ಚೀಟಿ ಅಂಟಿಸಿರುತ್ತಾರೆ. ಕರಪತ್ರಗಳನ್ನು ಬಿಟ್ಟು ಆ ಚೀಟಿಯನ್ನು ಓದಿ. ಮುಖ್ಯವಾದ ಅಂಕಿ ಯು-ಫ್ಯಾಕ್ಟರ್: ಒಂದು ಚದರಡಿಯಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಗಂಟೆಗೆ ಎಷ್ಟು ಬಿ.ಟಿ.ಯು. ಶಾಖ ದಾಟಿಹೋಗುತ್ತದೆ ಎಂಬ ಲೆಕ್ಕ. ಕಡಿಮೆಯಿದ್ದಷ್ಟೂ ಒಳ್ಳೆಯದು. ಒಂಟಿ ಗಾಜಿನದು ಸುಮಾರು 1.0, ಸಾದಾ ಜೋಡಿ ಗಾಜಿನದು 0.5ರ ಆಸುಪಾಸು, ಲೋ-ಇ ಲೇಪ ಮತ್ತು ಆರ್ಗಾನ್ ಇದ್ದರೆ 0.3ರ ಹತ್ತಿರ, ಮೂರು ಗಾಜಿನ ಒಳ್ಳೆಯ ಕಿಟಕಿ 0.2ರ ಬಳಿ. 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಎನರ್ಜಿ ಸ್ಟಾರ್ 7ನೇ ಆವೃತ್ತಿ ಉತ್ತರ ವಲಯಕ್ಕೆ ಇಟ್ಟ ಮುಖ್ಯ ಮಿತಿ 0.22. ಲಂಡನ್ನಿನ ನೆಂಟರು "ನಮ್ಮದು 1.4" ಎಂದರೆ ಗಾಬರಿಯಾಗಬೇಡಿ. ಅವರದು ಮೆಟ್ರಿಕ್ ಲೆಕ್ಕ, 5.68ರಿಂದ ಭಾಗಿಸಿದರೆ ನಮ್ಮ 0.25. ಮಾರುವವರು ಕೆಲವೊಮ್ಮೆ ಗಾಜಿನ ನಡುಭಾಗದ ಅಂಕಿಯನ್ನಷ್ಟೇ ಹೇಳುತ್ತಾರೆ, ಅದು ಯಾವಾಗಲೂ ಚೆಂದ ಕಾಣುತ್ತದೆ. ಚೀಟಿಯಲ್ಲಿರುವುದು ಫ್ರೇಮ್ ಸೇರಿದ ಇಡೀ ಕಿಟಕಿಯದ್ದು.

ಎರಡನೆಯದು ಎಸ್.ಎಚ್.ಜಿ.ಸಿ., ಅಂದರೆ ಗಾಜಿಗೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಬರುತ್ತದೆ ಎಂಬುದು. 0.25 ಎಂದರೆ ಕಾಲುಭಾಗ. ಟೆಕ್ಸಾಸಿನ ಗೆಳೆಯರಿಗೆ ಇದು ಕಡಿಮೆ ಇರಬೇಕು. ನಮ್ಮಂಥ ಚಳಿಯೂರಿನಲ್ಲಿ ದಕ್ಷಿಣದ ಕಿಟಕಿಗೆ ಹೆಚ್ಚಿದ್ದರೇ ಲಾಭ, ಜನವರಿಯ ಬಿಸಿಲು ಬಿಟ್ಟಿ ಹೀಟರ್. ಪಶ್ಚಿಮದ ಕಿಟಕಿಗೆ ಜುಲೈ ಸಂಜೆಯನ್ನು ನೆನೆದು ಕಡಿಮೆಯದನ್ನೇ ಆರಿಸಿ. ಇಡೀ ಮನೆಗೆ ಒಂದೇ ಗಾಜು ಇರಬೇಕೆಂಬ ಕಾನೂನಿಲ್ಲ. ವಿಟಿ ಎಂಬ ಅಂಕಿ ಒಳಬರುವ ಬೆಳಕಿನದು. ಗಾಳಿ ಸೋರಿಕೆಯ ಅಂಕಿ 0.3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸರಿ.

ಲೋ-ಇ ಎಂದರೆ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹಚ್ಚಿದ ಲೋಹದ ಲೇಪ, ಹೆಚ್ಚಾಗಿ ಬೆಳ್ಳಿ. ಬೆಳಕನ್ನು ಬಿಟ್ಟು ಶಾಖದ ಕಿರಣಗಳನ್ನು ಬಂದ ಕಡೆಗೇ ತಿರುಗಿಸುತ್ತದೆ. ಫ್ಲಾಸ್ಕಿನೊಳಗೆ ಹೊಳೆಯುವ ಲೇಪ ಇರುತ್ತದಲ್ಲ, ಅದೇ ಉಪಾಯ. ಆರ್ಗಾನ್ ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ ಒಂದರಷ್ಟಿರುವ ಅನಿಲ, ಶಾಖವನ್ನು ಸಾಗಿಸುವುದರಲ್ಲಿ ಗಾಳಿಗಿಂತ ಸೋಮಾರಿ. ನಿಮ್ಮ ಈಗಿನ ಗಾಜಿಗೆ ಲೋ-ಇ ಇದೆಯೇ ಎಂದು ತಿಳಿಯಲು ಕತ್ತಲಾದ ಮೇಲೆ ಗಾಜಿನ ಮುಂದೆ ಮೊಬೈಲ್ ದೀಪ ಹಿಡಿದು ಓರೆಯಾಗಿ ನೋಡಿ. ಜೋಡಿ ಗಾಜಿಗೆ ನಾಲ್ಕು ಪ್ರತಿಬಿಂಬ ಕಾಣುತ್ತವೆ. ಅದರಲ್ಲಿ ಒಂದರ ಬಣ್ಣ ಬೇರೆಯಿದ್ದರೆ ಲೇಪ ಇದೆ. ನಮ್ಮಲ್ಲಿ ನಾಲ್ಕೂ ಒಂದೇ ಬಣ್ಣ.

ನಮ್ಮ ಮನೆಗೆ ಬಂದವರು ಒಂದು ಹೀಟ್ ಲ್ಯಾಂಪ್ ತಂದಿದ್ದರು. ಸಾದಾ ಗಾಜಿನ ಹಿಂದೆ ಕೈ ಇಟ್ಟರೆ ಸುಡುತ್ತದೆ, ಅವರ ಗಾಜಿನ ಹಿಂದೆ ತಣ್ಣಗೆ. ಅಪ್ಪ ಕೂಡ "ಪರವಾಗಿಲ್ವೇ!" ಅಂದರು. ಆಮೇಲೆ ಹೊಳೆದದ್ದು: ದೀಪದ ಆಟ ತೋರಿಸಿದ್ದು ಬೇಸಿಗೆಯ ಬಿಸಿಲನ್ನು ತಡೆಯುವ ಗುಣವನ್ನು. ನಾವು ಹಣ ಕೊಡಲು ಹೊರಟಿದ್ದು ಜನವರಿಯ ಚಳಿಗೆ.

ಆ ರಾತ್ರಿ ಸಹಿ ಹಾಕದೆ ಲೆಕ್ಕಕ್ಕೆ ಕೂತೆ. ಶಿಕಾಗೋದ ಚಳಿಯನ್ನು ಹೀಟಿಂಗ್ ಡಿಗ್ರಿ ಡೇ ಎಂಬ ಅಳತೆಯಲ್ಲಿ ವರ್ಷಕ್ಕೆ ಸುಮಾರು 6200 ಎಂದು ಹಿಡಿಯಬಹುದು. 65 ಡಿಗ್ರಿಗಿಂತ ಪ್ರತಿದಿನ ಎಷ್ಟು ಕೆಳಗಿತ್ತು ಎಂಬುದರ ವರ್ಷದ ಮೊತ್ತ ಅದು. ನಮ್ಮ ಕಿಟಕಿಗಳ ಒಟ್ಟು ವಿಸ್ತೀರ್ಣ 200 ಚದರಡಿ. ಹಳೆಯ ಯು 0.5, ಹೊಸದು 0.25, ಉಳಿತಾಯ 0.25. ಈಗ 200 × 0.25 × 24 × 6200 ಮಾಡಿದರೆ ಸುಮಾರು 74 ಲಕ್ಷ ಬಿ.ಟಿ.ಯು., ಅಂದರೆ 74 ಥರ್ಮ್. ಶೇಕಡಾ 90ರ ಫರ್ನೇಸಿಗೆ ಅದು 83 ಥರ್ಮ್ ಗ್ಯಾಸ್. ಥರ್ಮಿಗೆ ಒಂದು ಡಾಲರ್ ಹಿಡಿದರೂ ವರ್ಷಕ್ಕೆ 83 ಡಾಲರ್! ನಿಮ್ಮ ಬಿಲ್ಲಿನ ದರ ಹಾಕಿ ನೋಡಿ. ಬೇಸಿಗೆಯ ಎ.ಸಿ. ಖರ್ಚಿನಲ್ಲಿ ಅಷ್ಟೇ ಉಳಿಯಿತೆಂದು ಧಾರಾಳವಾಗಿ ಒಪ್ಪಿಕೊಂಡರೂ ಹದಿನಾರು ಸಾವಿರ ಹಿಂದಿರುಗಲು ಸುಮಾರು ನೂರು ವರ್ಷ ಬೇಕು. ನನ್ನಾಕೆ ಸ್ಪ್ರೆಡ್‌ಶೀಟ್ ನೋಡಿ, "ಮರಿಮಕ್ಕಳಿಗೆ ಒಳ್ಳೇ ಆಸ್ತಿ" ಅಂದಳು. ಒಂಟಿ ಗಾಜಿನ ಹಳೇ ಮನೆಯಾದರೆ ಚಳಿಗಾಲದ ಉಳಿತಾಯ ಇದರ ಮೂರರಷ್ಟು. ಆದರೆ ಅಲ್ಲೂ ಹೊರಗಿನಿಂದ ಸ್ಟಾರ್ಮ್ ವಿಂಡೋ ಹಾಕಿಸಿದರೆ ಅದರ ಬಹುಪಾಲು ಕಡಿಮೆ ಖರ್ಚಿನಲ್ಲೇ ಸಿಗುತ್ತದೆ. ಹೊಸ ಕಿಟಕಿಯಿಂದ ಮನೆ ಹಿತವಾಗುತ್ತದೆ, ಸದ್ದು ಕಡಿಮೆಯಾಗುತ್ತದೆ, ಚೆನ್ನಾಗಿ ಕಾಣುತ್ತದೆ, ಇದೆಲ್ಲ ನಿಜ. ಅದಕ್ಕಾಗಿ ಕೊಳ್ಳುವವರು ಕೊಳ್ಳಲಿ. ಕರೆಂಟು-ಗ್ಯಾಸ್ ಬಿಲ್ಲು ಅರ್ಧವಾಗುತ್ತದೆ ಎಂದು ನಂಬಿ ಮಾತ್ರ ಬೇಡ. ಆಧಾರವಿಲ್ಲದೆ ಇಂಥ ಭಾರೀ ಉಳಿತಾಯದ ಮಾತಾಡಿದ್ದಕ್ಕೇ 2012ರಲ್ಲಿ ಎಫ್.ಟಿ.ಸಿ. ಐದು ಕಿಟಕಿ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತ್ತು.

ಇನ್ನೆರಡು ಮಾತು. ಕಿಟಕಿಗೆ ಸಿಗುತ್ತಿದ್ದ ವರ್ಷಕ್ಕೆ 600 ಡಾಲರ್‌ವರೆಗಿನ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದಾದ ಮೇಲೆ ಹಾಕಿಸಿದ ಕಿಟಕಿಗೆ ಅದು ಇಲ್ಲ, ಯಾರಾದರೂ ಅದನ್ನು ಬೆಲೆಯಲ್ಲಿ ಕಳೆದು ತೋರಿಸಿದರೆ ಎಚ್ಚರ. ಇನ್ನು, ಮನೆಗೆ ಬಂದು ಮಾರಿದವರ ಕಾಗದಕ್ಕೆ ದಾಕ್ಷಿಣ್ಯಕ್ಕೆ ಸಹಿ ಹಾಕಿಬಿಟ್ಟಿದ್ದರೆ, ಎಫ್.ಟಿ.ಸಿ. ನಿಯಮದ ಪ್ರಕಾರ ಸಾಮಾನ್ಯವಾಗಿ ಮೂರನೇ ಕೆಲಸದ ದಿನದ ಮಧ್ಯರಾತ್ರಿಯೊಳಗೆ ಬರೆದುಕೊಟ್ಟು ರದ್ದು ಮಾಡಬಹುದು. ಕಾಫಿ ಕೊಟ್ಟು ಕೂರಿಸಿಕೊಂಡವರಿಗೆ ಇಲ್ಲ ಎನ್ನುವುದು ನಮ್ಮವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಹಾಗಾದರೆ ನಾವು ಮಾಡಿದ್ದೇನು? ಮಂಜು ಹಿಡಿದ ಮೂರಕ್ಕೆ ಲೋ-ಇ ಜೋಡಿ ಗಾಜು, ಕೊಳೆತ ಒಂದಕ್ಕೆ ಹೊಸ ಕಿಟಕಿ. ಗಾಳಿ ಬೀಸುವ ದಿನ ಅಮ್ಮ ದೇವರ ಮುಂದಿನ ಊದುಬತ್ತಿ ಹಿಡಿದು ಕಿಟಕಿಯ ಸುತ್ತ ನಿಧಾನವಾಗಿ ತಿರುಗಿಸಿದರು, ಹೊಗೆ ಎಲ್ಲಿ ನಡುಗಿತೋ ಅಲ್ಲಿ ನಾನು ಪೆನ್ಸಿಲ್ ಗುರುತು ಹಾಕಿದೆ. ಆ ಜಾಗಗಳಿಗೆಲ್ಲ ಹೊಸ ರಬ್ಬರ್ ಪಟ್ಟಿ. ಪರದೆಗೆ ಬೆಂಕಿ ತಾಗದಂತೆ ನೋಡಿಕೊಳ್ಳಿ ಅಷ್ಟೆ.

ಉಳಿದ ಹಣದ ದೊಡ್ಡ ಪಾಲು ಹೋದದ್ದು ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಳ್ಳದ ಕಡೆಗೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಊರಿನಿಂದ ಬಂದ ಅಪ್ಪ-ಅಮ್ಮ ಮಲಗುವುದು ಬೇಸ್‌ಮೆಂಟಿನ ಕೋಣೆಯಲ್ಲಿ. ನಮ್ಮಲ್ಲೂ ಹಾಗೇ. ಅಲ್ಲಿದ್ದದ್ದು ಒಂದು ಹಾಪರ್ ಕಿಟಕಿ. ಮೆಟ್ಟಿಲ ಕಡೆ ಬೆಂಕಿ ಬಿದ್ದರೆ ಅದರೊಳಗೆ ಬೆಕ್ಕು ಹೊರಬಿದ್ದೀತು, ಎಪ್ಪತ್ತರ ಅಪ್ಪ ಆಗುತ್ತಿರಲಿಲ್ಲ. ಇಲ್ಲಿನ ಕಟ್ಟಡ ನಿಯಮಗಳ ಮಾದರಿಯಾದ ಐ.ಆರ್.ಸಿ. ಪ್ರಕಾರ ಮಲಗುವ ಕೋಣೆಯ ಕಿಟಕಿ ತೆರೆದಾಗ 5.7 ಚದರಡಿ ಖಾಲಿ ಜಾಗ ಸಿಗಬೇಕು, ಅಗಲ 20 ಇಂಚಿಗೆ ಮತ್ತು ಎತ್ತರ 24 ಇಂಚಿಗೆ ಕಡಿಮೆಯಿರಬಾರದು, ಕೆಳಗಿನ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ನೆಲಮಟ್ಟದ ಕಿಟಕಿಗೆ 5 ಚದರಡಿ ಸಾಕು. ಊರೂರಿಗೆ ಸಣ್ಣಪುಟ್ಟ ವ್ಯತ್ಯಾಸವಿರುವುದರಿಂದ ನಿಮ್ಮ ವಿಲೇಜಿನ ಕಟ್ಟಡ ವಿಭಾಗವನ್ನು ಕೇಳಿ. ಡಬಲ್-ಹಂಗ್ ಅರ್ಧ ಮಾತ್ರ ತೆರೆಯುವುದರಿಂದ ಇಂಥ ಕಡೆ ಕೇಸ್‌ಮೆಂಟೇ ಅನುಕೂಲ. ಅಡಿಪಾಯದ ಕಾಂಕ್ರೀಟ್ ಕೊಯ್ದು, ಹೊರಗೆ ಗುಂಡಿ ತೋಡಿ, ಏಣಿ ಕೂರಿಸಬೇಕು. ಪರ್ಮಿಟ್ ಬೇಕೇ ಬೇಕು. ನಮಗೆ ಎರಡು ವಾರ ಹಿಡಿಯಿತು. ಕೆಲಸ ಮುಗಿದ ದಿನ ಅಪ್ಪನ ಕೈಯಲ್ಲೇ ಹಿಡಿ ತಿರುಗಿಸಿ ತೆರೆಸಿ, ಏಣಿ ಹತ್ತಿಸಿ, ಹುಲ್ಲಿನ ಮೇಲೆ ನಿಲ್ಲಿಸಿದೆ. ಅಮ್ಮ ಒಳಗಿನಿಂದಲೇ, "ನಾನು ಬಾಗಿಲಿಂದ್ಲೇ ಬರ್ತೀನಪ್ಪ" ಅಂದರು. ಮರುದಿನ ಅವರನ್ನೂ ಹತ್ತಿಸಿದೆ.

ಲೆಕ್ಕದ ಸ್ಪ್ರೆಡ್‌ಶೀಟ್ ಬೇಕಾದವರು ಕೂಟದ ವಿಳಾಸಕ್ಕೆ ಇಮೇಲ್ ಮಾಡಿ, ಕಳಿಸುತ್ತೇನೆ. ನಿಮ್ಮ ಕಿಟಕಿಗಳ ವಿಸ್ತೀರ್ಣ, ಚೀಟಿಯ ಯು-ಫ್ಯಾಕ್ಟರ್, ಗ್ಯಾಸಿನ ದರ, ಈ ಮೂರು ಅಂಕಿ ತುಂಬಿದರೆ ಸಾಕು.