ಛಾವಣಿಯ ಸೌರ ವಿದ್ಯುತ್ತಿಗೆ ಸಹಾಯಧನ

ಪ್ರಶ್ನೆ: ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳಿಗೆ ಸೌರಫಲಕ ಹಾಕಿಸಲು ಸರ್ಕಾರದ ನೆರವುಂಟೇ?

ಉತ್ತರ: ಉಂಟು. ಔರಾದಿನವರೇ ಆದ ಭಗವಂತ ಖೂಬಾ ಕೇಂದ್ರದಲ್ಲಿ ನವೀಕರಿಸಬಹುದಾದ ಇಂಧನ ಖಾತೆಯ ರಾಜ್ಯ ಸಚಿವರಾಗಿದ್ದಾಗ, 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯು 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟುದಕ್ಕೆ 78,000 ರೂಪಾಯಿ ನೀಡುತ್ತದೆ. ಈ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂನ ಬಿಲ್ಲಿನ ಗ್ರಾಹಕ ಸಂಖ್ಯೆಯೊಡನೆ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿ, ದೇಶೀಯ ಫಲಕ ಹಾಕಿಸಿ, ನೆಟ್ ಮೀಟರ್, ಎಂದರೆ ಜಾಲಕ್ಕೆ ಕೊಟ್ಟ ಮತ್ತು ಜಾಲದಿಂದ ಪಡೆದ ವಿದ್ಯುತ್ತನ್ನು ಬೇರೆಬೇರೆಯಾಗಿ ಅಳೆಯುವ ಮಾಪಕ, ಕೂತ ನಂತರವೇ ಹಣ ಖಾತೆಗೆ ಬರುವುದರಿಂದ ಮೊದಲ ಖರ್ಚು ಮನೆಯವರದೇ. ಬಿಲ್ಲು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳುವುದು ಲೇಸು. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಿಂದ ಸೊನ್ನೆ ಬಿಲ್ಲು ಪಡೆಯುವ ಪುಟ್ಟ ಮನೆಗೆ ಈ ಲೆಕ್ಕ ಅಷ್ಟಾಗಿ ಹೊಂದದು. ಬೇಸಿಗೆಯಿಡೀ ಕೂಲರ್ ತಿರುಗಿಸಿ ಗೃಹಜ್ಯೋತಿಯ ತಿಂಗಳಿಗೆ 200 ಯೂನಿಟ್ ಮಿತಿಯನ್ನು ದಾಟುವ ಮನೆಗೇ ಸೌರಫಲಕ ಗಿಟ್ಟುತ್ತದೆ.